ಒಂದು ಬಣ್ಣ, ಐದು ಬೇನೆ

ಬೀದರ ಜಿಲ್ಲೆಯ ಔರಾದ–ಭಾಲ್ಕಿ ಸೀಮೆಯಲ್ಲಿರುವ ಠಾಣಾ ಕುಶನೂರಿನಂಥ ಊರಿನಲ್ಲಿ ಒಬ್ಬರ ಕಣ್ಣು ಹಳದಿಯಾಯಿತೆಂದರೆ, ಆ ಬೇನೆಯನ್ನು ಹೆಸರಿಸಲು ಮೂರು ಭಾಷೆಗಳು ಮುಂದೆ ಬರುತ್ತವೆ. ಕನ್ನಡದವರು ಕಾಮಣಿ ಎನ್ನುತ್ತಾರೆ. ಮರಾಠಿಯವರಿಗೆ ಅದು ಕಾವೀಳ. ಉರ್ದು ಮಾತಾಡುವ ಮನೆಗಳಲ್ಲಿ ಯರ್ಖಾನ್. ದಕ್ಷಿಣದ ಕನ್ನಡಿಗರು ಅರಿಶಿನ ಕಾಮಾಲೆ ಎಂದು ಕರೆಯುವುದೂ, ಚರಕಸಂಹಿತೆ ಪಾಂಡುರೋಗದ ಪ್ರಕರಣದಲ್ಲಿ ಕಾಮಲಾ ಎಂದು ವಿವರಿಸುವುದೂ ಇದನ್ನೇ. ಹೆಸರು ಹಲವಾದರೂ ರೋಗ ಒಂದೇ ಎಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ವಸ್ತುಸ್ಥಿತಿ ತಿರುಗುಮುರುಗಾಗಿದೆ. ಒಂದೇ ಆಗಿರುವುದು ಬಣ್ಣ ಮಾತ್ರ, ಬೇನೆಗಳು ಹಲವು. ವೈರಾಣುಗಳಿಂದ ಬರುವ ಯಕೃತ್ತಿನ ಉರಿಯೂತವನ್ನಷ್ಟೇ ಲೆಕ್ಕಕ್ಕೆ ಹಿಡಿದರೂ ಅದಕ್ಕೆ ಮುಖ್ಯ ಕಾರಣವಾದ ವೈರಾಣುಗಳು ಐದು ಇವೆ. ವೈದ್ಯರು ಅವನ್ನು ಹೆಪಟೈಟಿಸ್ ಎ, ಬಿ, ಸಿ, ಡಿ, ಇ ಎಂದು ಅಕ್ಷರಗಳಿಂದ ಗುರುತಿಸುತ್ತಾರೆ. ಅಕ್ಷರಗಳು ಸಾಲಾಗಿವೆಯೆಂದು ಇವು ಒಡಹುಟ್ಟಿದವುಗಳೆಂದು ಭಾವಿಸಬಾರದು. ಒಂದಕ್ಕೊಂದು ಸಂಬಂಧವಿಲ್ಲದ ಬೇರೆ ಬೇರೆ ಕುಲದ ಜೀವಾಣುಗಳು ಇವು. ಯಕೃತ್ತನ್ನು ಮನೆಮಾಡಿಕೊಳ್ಳುವುದೊಂದೇ ಇವುಗಳ ಸಮಾನ ಗುಣ. ಒಂದರ ವಿಷಯದಲ್ಲಿ ಸಲ್ಲುವ ಸಮಾಧಾನದ ಮಾತನ್ನು ಇನ್ನೊಂದಕ್ಕೆ ಹೇಳಿದಾಗ ಪ್ರಾಣಕ್ಕೇ ಎರವಾಗುವ ಸಂದರ್ಭಗಳುಂಟು.

ಮೊದಲು ಬಣ್ಣದ ವಿಚಾರ. ನಮ್ಮ ರಕ್ತದ ಕೆಂಪು ಕಣಗಳ ಆಯುಸ್ಸು ಸುಮಾರು 120 ದಿನ. ಸತ್ತ ಕಣಗಳಲ್ಲಿನ ಕೆಂಪು ದ್ರವ್ಯ ಒಡೆದು ಬಿಲಿರುಬಿನ್ ಎಂಬ ಹಳದಿ ವಸ್ತುವಾಗುತ್ತದೆ. ಅದನ್ನು ರಕ್ತದಿಂದ ಹೆಕ್ಕಿ, ಹದಗೊಳಿಸಿ, ಪಿತ್ತರಸದೊಡನೆ ಕರುಳಿಗೆ ಸಾಗಿಸುವ ಹೊಣೆ ಯಕೃತ್ತಿನದು. ಯಕೃತ್ತು ಬಾತು ಆ ಕೆಲಸ ತಪ್ಪಿದಾಗ ಹಳದಿ ವಸ್ತು ರಕ್ತದಲ್ಲಿಯೇ ಉಳಿಯುತ್ತದೆ. ಕಣ್ಣಿನ ಬಿಳಿಭಾಗದಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ, ಮೂತ್ರವನ್ನು ಕಪ್ಪಿಟ್ಟ ಎಣ್ಣೆಯಂತೆ ಮಾಡುತ್ತದೆ. ಕರುಳಿಗೆ ಅದು ಇಳಿಯದ ಕಾರಣ ಮಲ ಬಿಳಿಚಿಕೊಳ್ಳುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಮಾತನ್ನು ನಮ್ಮ ವಿಮರ್ಶಕರು ಪರಸ್ಪರ ಧಾರಾಳವಾಗಿ ಪ್ರಯೋಗಿಸುತ್ತಾರೆ. ವೈದ್ಯದೃಷ್ಟಿಯಿಂದ ಆ ಗಾದೆಗೆ ಆಧಾರ ಸಾಲದು. ಕಾಮಾಲೆಯಾದವರಿಗೆ ಲೋಕ ಸಾಮಾನ್ಯವಾಗಿ ಅದರ ಸಹಜ ಬಣ್ಣಗಳಲ್ಲಿಯೇ ಕಾಣುತ್ತದೆ. ಹಳದಿಯಾಗಿ ಕಾಣುವವರು ಅವರು, ನೋಡುವವರು ನಾವು.

ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರವಾದುದು. ಯಕೃತ್ತಿಗೆ ಆಗುವ ಗಾಯದಲ್ಲಿ ಹೆಚ್ಚಿನ ಪಾಲು ವೈರಾಣುವಿನ ಕೃತ್ಯವಲ್ಲ. ವೈರಾಣು ಜೀವಕೋಶದೊಳಗೆ ಹೊಕ್ಕು ತನ್ನ ಸಂತತಿಯನ್ನು ಬೆಳೆಸಿಕೊಳ್ಳುತ್ತದೆ, ಅಷ್ಟೆ. ಅದನ್ನು ಪತ್ತೆಹಚ್ಚಿದ ದೇಹದ ರಕ್ಷಕ ಕಣಗಳು ವೈರಾಣು ಅಡಗಿರುವ ಕೋಶಗಳನ್ನೇ ಕೊಲ್ಲತೊಡಗುತ್ತವೆ. ಆ ಹೋರಾಟದ ಉರಿಯೇ ರೋಗ. ಆದುದರಿಂದ ಕಣ್ಣು ಹಳದಿಯಾಯಿತೆಂದರೆ ದೇಹ ಹೋರಾಡುತ್ತಿದೆ ಎಂದು ಅರ್ಥ. ಹಳದಿಯಾಗದಿದ್ದರೆ ರೋಗವಿಲ್ಲವೆಂದು ಅರ್ಥವಲ್ಲ. ಈ ಮಾತನ್ನು ಕೇಳುಗರು ಗಮನದಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಹೇಳುವುದರಲ್ಲಿ ಬಹುಪಾಲು ಇದರಿಂದಲೇ ಬಿಡಿಸಿಕೊಳ್ಳುತ್ತದೆ.

ಐದರಲ್ಲಿ ಎ ಮತ್ತು ಇ ಎಂಬ ಎರಡು ವೈರಾಣುಗಳು ನೀರಿನ ದಾರಿ ಹಿಡಿದವು. ರೋಗಿಯ ಮಲದಿಂದ ಹೊರಟು, ನೀರು ಅಥವಾ ಆಹಾರವನ್ನು ಸೇರಿ, ಇನ್ನೊಬ್ಬರ ಬಾಯಿಗೆ ಬರುತ್ತವೆ. ಎ ವೈರಾಣು ಎಳೆಯ ಮಕ್ಕಳನ್ನು ಹಿಡಿದರೆ ನಾಲ್ಕು ದಿನದ ಜ್ವರ, ಊಟ ಸೇರದಿರುವಿಕೆ ಇಷ್ಟರಲ್ಲಿಯೇ ಮುಗಿಯುವುದುಂಟು. ಅನೇಕ ಮಕ್ಕಳಿಗೆ ಕಾಮಣಿ ಬಂದುಹೋದದ್ದು ತಾಯಿಗೂ ತಿಳಿಯುವುದಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಬಾರದು. ಊರು ಚೊಕ್ಕಟವಾದಂತೆಲ್ಲ ಮಕ್ಕಳು ಇದರಿಂದ ತಪ್ಪಿಸಿಕೊಂಡು ದೊಡ್ಡವರಾಗುತ್ತಾರೆ; ದೊಡ್ಡವರಾದ ಮೇಲೆ ಹಿಡಿದರೆ ಅದು ಅಷ್ಟು ಸೌಮ್ಯವಾಗಿರುವುದಿಲ್ಲ. ಅರ್ಧ ಸುಧಾರಿಸಿದ ಪಟ್ಟಣಗಳು ಹೀಗೆ ಒಂದು ವಿಲಕ್ಷಣ ದಂಡ ತೆರುತ್ತವೆ. ಎ ವೈರಾಣುವಿಗೆ ಲಸಿಕೆಯಿದೆ.

ಇ ವೈರಾಣುವಿನ ಕಥೆ ನಮ್ಮ ದೇಶದ್ದೇ. 1955ರ ಕೊನೆಯಲ್ಲಿ ದೆಹಲಿಯ ಬಳಿ ಯಮುನೆ ತನ್ನ ಹರಿವಿನ ಜಾಡನ್ನು ಬದಲಿಸಿತು. ನಜಫ್‌ಗಢ ನಾಲೆಯ ಕೊಳಚೆ ಕೆಳಕ್ಕೆ ಹರಿದುಹೋಗುವ ಬದಲು ಹಿಂದಕ್ಕೆ ಸರಿದು, ವಜೀರಾಬಾದಿನ ನೀರೆತ್ತುವ ಸ್ಥಳವನ್ನು ತಲುಪಿತು. ಅಧಿಕಾರಿಗಳು ಕ್ಲೋರಿನ್ನಿನ ಪ್ರಮಾಣವನ್ನು ಹೆಚ್ಚಿಸಿದರು. ಅದರಿಂದ ವಿಷಮಶೀತ ಜ್ವರ ಹೆಚ್ಚಲಿಲ್ಲ. ಆದರೆ ಕೆಲವೇ ವಾರಗಳಲ್ಲಿ ಸುಮಾರು 29 ಸಾವಿರ ಜನರ ಕಣ್ಣು ಹಳದಿಯಾಯಿತು. ಕದಡಿದ ಕೊಳಚೆ ನೀರಿನಲ್ಲಿ ಬ್ಯಾಕ್ಟೀರಿಯಾಗಳನ್ನು ಕೊಂದ ಕ್ಲೋರಿನ್ ವೈರಾಣುವನ್ನು ಕೊಲ್ಲಲಾರದೆ ಹೋಗಿತ್ತು. ಅದು ಎ ವೈರಾಣುವೆಂದೇ ಎಲ್ಲರೂ ನಂಬಿದ್ದರು. 1978ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಇಂಥದೇ ಪಿಡುಗು ಹಬ್ಬಿದಾಗ ಡಾ. ಮೊಹಮ್ಮದ್ ಸುಲ್ತಾನ್ ಖುರೂ ಅವರು ಮನೆಮನೆಯ ಲೆಕ್ಕ ತೆಗೆದು, ಇದು ಎ ಅಲ್ಲ, ಬಿ ಅಲ್ಲ, ಹೊಸದೊಂದು ಇರಬೇಕು ಎಂದರು. 1980ರಲ್ಲಿ ದೆಹಲಿಯ ರೋಗಿಗಳ ಕಾಪಿಟ್ಟ ರಕ್ತದ್ರವವನ್ನು ಪರೀಕ್ಷಿಸಿದಾಗ ಅದೂ ಎ ಆಗಿರಲಿಲ್ಲವೆಂದು ಗೊತ್ತಾಯಿತು. 1981ರಲ್ಲಿ ನಮ್ಮ ಗಡಿಯಾಚೆಯ ಕೊಲ್ಹಾಪುರದಲ್ಲಿ ನೀರಿನಿಂದ ಹಬ್ಬಿದ ಕಾಮಾಲೆಯನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಅಭ್ಯಾಸ ಮಾಡಿದರು. 1983ರಲ್ಲಿ ಮಾಸ್ಕೋದ ಬಾಲಯಾನ್ ಎಂಬ ವಿಜ್ಞಾನಿ ರೋಗಿಗಳ ಮಲದಿಂದ ಸೋಸಿದ ದ್ರವವನ್ನು ತಾವೇ ಸೇವಿಸಿ, ಕಾಮಾಲೆ ತಂದುಕೊಂಡು, ತಮ್ಮ ಮಲದಲ್ಲಿ ಆ ವೈರಾಣುವನ್ನು ಕಂಡರು. ಜ್ಞಾನಕ್ಕಾಗಿ ಮನುಷ್ಯ ಏನೇನನ್ನು ನುಂಗಿದ್ದಾನೆ ಎಂಬುದರ ಪಟ್ಟಿಯಲ್ಲಿ ಇದಕ್ಕೆ ಮೇಲಿನ ಸ್ಥಾನ ಸಲ್ಲಬೇಕು.

ಖುರೂ ಅವರ ಲೆಕ್ಕದಲ್ಲಿ ಒಂದು ದಾರುಣ ಸಂಗತಿ ಇತ್ತು. ರೋಗ ಹಿಡಿದ ಗರ್ಭಿಣಿಯರಲ್ಲಿ ಐವರಲ್ಲೊಬ್ಬರಿಗಿಂತ ಹೆಚ್ಚು ಮಂದಿಯ ಯಕೃತ್ತು ಸಂಪೂರ್ಣ ಸೋತುಹೋಗಿತ್ತು. ಉಳಿದವರಲ್ಲಿ ನೂರಕ್ಕೆ ಒಬ್ಬರನ್ನು ಕೊಲ್ಲುವುದೂ ಅಪರೂಪವಾದ ಈ ಬೇನೆ, ಬಸುರಿನ ಕೊನೆಯ ಮೂರು ತಿಂಗಳಲ್ಲಿ ಬಂದರೆ ನಾಲ್ಕೈದು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಒಯ್ಯಬಲ್ಲದು. ಅದೇಕೆ ಹೀಗೆಂಬುದಕ್ಕೆ ವಿಜ್ಞಾನ ಇನ್ನೂ ತೃಪ್ತಿಕರವಾದ ಉತ್ತರ ಕೊಟ್ಟಿಲ್ಲ. ತಿಂಗಳು ತುಂಬಿದ ಸೊಸೆಗೆ ಕಾಮಣಿಯಾದಾಗ ಹಳ್ಳಿಯ ಔಷಧ ಕೊಡಿಸಿ ಎಂಟು ದಿನ ನೋಡೋಣ ಎನ್ನುವ ಅತ್ತೆ ಕೆಟ್ಟವಳಲ್ಲ. ಆಕೆಯ ಗಂಡನಿಗೆ, ಮಕ್ಕಳಿಗೆ ಆ ಔಷಧದಿಂದಲೇ ವಾಸಿಯಾಗಿರುತ್ತದೆ. ಆಕೆಯ ಅನುಭವ ಸುಳ್ಳಲ್ಲ, ಈ ಸೊಸೆಗೆ ಅದು ಅನ್ವಯಿಸುವುದಿಲ್ಲ. ಇಂಥ ಬಸುರಿಯನ್ನು ಕಣ್ಣು ಹಳದಿಯಾದ ದಿನವೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಮಾತು ತೊದಲಿದರೆ, ಹಗಲಿನಲ್ಲಿ ಮಂಪರು ಕವಿದರೆ, ಒಂದು ಗಂಟೆಯನ್ನೂ ಕಳೆಯಬಾರದು.

ನೀರು ಕೆಡುವ ಬಗೆಯನ್ನು ಬೀದರ ಸೀಮೆಯಲ್ಲಿ ಕಣ್ಣಾರೆ ನೋಡಿ ತಿಳಿಯಬಹುದು. ಬಹಮನಿಗಳ ಕಾಲದವರು ನೌಬಾದಿನಲ್ಲಿ ಜಂಬಿಟ್ಟಿಗೆ ನೆಲವನ್ನು ಕೊರೆದು ಸುರಂಗದೊಳಗೆ ನೀರು ಹರಿಸಿದರು. ಜನ ಸುರಂಗ ಬಾವಿ ಎನ್ನುವ ಆ ಕರೇಜ್ ಬಿಸಿಲಿಗೆ ಆರದಂತೆ ನೀರನ್ನು ಕಾಯಿತು. ಆದರೆ ಜಂಬಿಟ್ಟಿಗೆ ರಂಧ್ರಗಳ ಕಲ್ಲು; ಮೇಲೆ ಬಚ್ಚಲು ಬಂದರೆ ಕೆಳಗಿನ ಕತ್ತಲೆಯ ನೀರಿಗೂ ಅದರ ಪಾಲು ಇಳಿಯುತ್ತದೆ. ಔರಾದ ಕಡೆಯ ಎರೆನೆಲದ್ದು ಬೇರೆ ರೀತಿ. ಬೇಸಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಆ ಮಣ್ಣಿನಲ್ಲಿ ಹೂತ ನೀರಿನ ಪೈಪಿನ ಕೀಲುಗಳು ಸಡಿಲಗೊಳ್ಳುತ್ತವೆ. ನಳದಲ್ಲಿ ನೀರು ಬರುವಾಗ ಒತ್ತಡದಿಂದ ಒಳಗಿನದು ಹೊರಗೆ ಒಸರುತ್ತದೆ. ನೀರು ನಿಂತೊಡನೆ ಬರಿದಾದ ಪೈಪು ಪಕ್ಕದ ಚರಂಡಿಯದನ್ನು ಒಳಕ್ಕೆ ಹೀರುತ್ತದೆ. ದಿನಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಮೊದಲ ಎರಡು ಕೊಡ ಕದಡಿಕೊಂಡು ಬರುವುದು ಈ ಕಾರಣಕ್ಕೆ. ನೀರನ್ನು ಚೆನ್ನಾಗಿ ಕುದಿಸಿದರೆ ಎರಡು ವೈರಾಣುಗಳೂ ಸಾಯುತ್ತವೆ. ತೊಡಕೆಂದರೆ, ಕುಡಿದ ದಿನಕ್ಕೂ ಕಣ್ಣು ಹಳದಿಯಾಗುವ ದಿನಕ್ಕೂ ನಡುವೆ ನಾಲ್ಕಾರು ವಾರ ಸರಿದಿರುತ್ತವೆ. ಜಾತ್ರೆಯಲ್ಲಿ ಕುಡಿದ ನೀರು ಬಿತ್ತನೆಯ ಹೊತ್ತಿಗೆ ಮಾತಾಡುತ್ತದೆ. ಅಷ್ಟರಲ್ಲಿ ಆ ನೀರನ್ನು ಯಾರು ನೆನೆಯುತ್ತಾರೆ? ಇನ್ನು ಕಾಮಣಿಯಾದವರಿಗೆ ಕಬ್ಬಿನ ಹಾಲು ಒಳ್ಳೆಯದೆಂದು ಕುಡಿಸುವ ವಾಡಿಕೆಯಿದೆ. ಹಾಲಿನಿಂದ ಕೇಡಿಲ್ಲ, ಗಾಣದ ಬಳಿಯ ಬಕೆಟ್ಟಿನ ನೀರು, ಅದರೊಳಗಿನ ಮಂಜುಗಡ್ಡೆ, ಇವು ಎಲ್ಲಿಂದ ಬಂದವೆಂದು ಕೇಳಿ ಕುಡಿಸುವುದು ಲೇಸು.

ಎ ಮತ್ತು ಇ ಬಹುಮಟ್ಟಿಗೆ ತಾವಾಗಿಯೇ ಗುಣವಾಗುತ್ತವೆ. ಯಕೃತ್ತು ಕಳೆದುಕೊಂಡ ಕೋಶಗಳನ್ನು ಮತ್ತೆ ಬೆಳೆಸಿಕೊಳ್ಳಬಲ್ಲ ಅಂಗ. ನಾಲ್ಕರಿಂದ ಎಂಟು ವಾರಗಳಲ್ಲಿ ಅದು ಮೊದಲಿನಂತಾಗುತ್ತದೆ. ನಮ್ಮ ಕಾಮಣಿಯ ಔಷಧದವರ ಕೀರ್ತಿಯೆಲ್ಲ ಈ ತಳಹದಿಯ ಮೇಲೆ ನಿಂತಿದೆ. ಕೊರಳಿಗೆ ಬೇರಿನ ಸರ ಕಟ್ಟಲಿ, ಮೂಗಿಗೆ ಸೊಪ್ಪಿನ ರಸ ಹಿಂಡಲಿ, ಸುಣ್ಣದ ನೀರಿನಲ್ಲಿ ಕೈ ತೊಳೆಸಿ ಹಳದಿ ಇಳಿಯಿತೆಂದು ತೋರಿಸಲಿ, ಮೈಗೆ ಬರೆ ಹಾಕಲಿ, ನೂರರಲ್ಲಿ ಬಹುಪಾಲು ಜನ ಗುಣವಾಗಿ ಎದ್ದು ಬಂದು ಕಾಯಿ ಒಡೆಯುತ್ತಾರೆ. ಬರೆಯ ಗಾಯಕ್ಕೆ ಮಾತ್ರ ಬೇರೆ ಔಷಧ ಬೇಕಾಗುತ್ತದೆ. ಅರಿಶಿನ, ಎಣ್ಣೆ, ಉಪ್ಪು ಎಲ್ಲವನ್ನೂ ಬಿಡಿಸುವ ಪಥ್ಯದಿಂದ ರೋಗಿ ಇನ್ನಷ್ಟು ಬಡಕಲಾಗುವನಲ್ಲದೆ ಬೇರೆ ಲಾಭವಿಲ್ಲ. ಒಗ್ಗುವಷ್ಟು ಊಟ, ವಿಶ್ರಾಂತಿ, ಮದ್ಯದಿಂದ ದೂರ, ಇಷ್ಟೇ ಬೇಕಾದದ್ದು.

ಹಳ್ಳಿಯ ಮದ್ದನ್ನೆಲ್ಲ ಹೀಗೆ ತಳ್ಳಿಹಾಕುವುದೂ ನ್ಯಾಯವಲ್ಲ. ನೆಲನೆಲ್ಲಿಯ ಕಥೆಯನ್ನು ಕೇಳಿ. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಬಿ ವೈರಾಣು ಹೊತ್ತವರಿಗೆ ನೆಲನೆಲ್ಲಿಯ ಪುಡಿ ಕೊಟ್ಟು ನೋಡಿ, 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಾಣುವಿನ ಗುರುತು ಮರೆಯಾಯಿತೆಂದು ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹುಸಿ ಔಷಧ ಪಡೆದ 23 ಜನರಲ್ಲಿ ಅದು ಮರೆಯಾದದ್ದು ಒಬ್ಬರಿಗೆ ಮಾತ್ರ. ಆ ಲೇಖನಕ್ಕೆ ಸಹಿ ಹಾಕಿದವರಲ್ಲಿ ನೊಬೆಲ್ ಪುರಸ್ಕೃತ ಬರೂಕ್ ಬ್ಲೂಂಬರ್ಗ್ ಒಬ್ಬರು. ದೇಶವೆಲ್ಲ ಹಿಗ್ಗಿತು. ಅನಂತರ ಬೇರೆ ಕಡೆಗಳಲ್ಲಿ ನಡೆದ ಪ್ರಯೋಗಗಳು ಆ ಫಲವನ್ನು ಮತ್ತೆ ಕಾಣಲಿಲ್ಲ. ಗಿಡವನ್ನು ಗೌರವಿಸಿದವರೇ ಅದನ್ನು ಒರೆಗೆ ಹಚ್ಚಿದರು. ಒರೆಯಲ್ಲಿ ಅದು ನಿಲ್ಲಲಿಲ್ಲ.

ಬ್ಲೂಂಬರ್ಗ್ ಅವರ ಹೆಸರು ಬಂದದ್ದರಿಂದ ಬಿ ವೈರಾಣುವಿನ ಕಡೆಗೆ ತಿರುಗೋಣ. ಅವರು ಕಾಮಾಲೆಯನ್ನು ಹುಡುಕುತ್ತಿರಲಿಲ್ಲ; ಜನಾಂಗ ಜನಾಂಗಗಳ ರಕ್ತದಲ್ಲಿನ ವಂಶಪಾರಂಪರ್ಯ ವ್ಯತ್ಯಾಸಗಳನ್ನು ಕಲೆಹಾಕುತ್ತಿದ್ದರು. ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಕಂಡ ಅಪರಿಚಿತ ಪ್ರೋಟೀನನ್ನು 1965ರಲ್ಲಿ ಪ್ರಕಟಿಸಿದರು. ಅದು ಬಿ ವೈರಾಣುವಿನ ಮೇಲುಹೊದಿಕೆಯೆಂದು ಕೆಲವು ವರ್ಷಗಳಲ್ಲಿ ಸ್ಪಷ್ಟವಾಯಿತು. 1976ರಲ್ಲಿ ನೊಬೆಲ್ ಬಂದಿತು.

ಈ ವೈರಾಣು ನೀರಿನಲ್ಲಿ ಬರುವುದಲ್ಲ. ರಕ್ತದ ಮೂಲಕ, ದಾಂಪತ್ಯದ ಮೂಲಕ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತದೆ. ಒಣಗಿದ ರಕ್ತದ ಕಲೆಯಲ್ಲಿ ಏಳು ದಿನವಾದರೂ ಬದುಕಿರಬಲ್ಲದು. ದೊಡ್ಡವರಿಗೆ ತಗುಲಿದರೆ ದೇಹ ಹೋರಾಡುತ್ತದೆ, ಕಣ್ಣು ಹಳದಿಯಾಗುತ್ತದೆ, ನೂರಕ್ಕೆ 95 ಜನ ಅದನ್ನು ಹೊರದೂಡಿ ಗುಣವಾಗುತ್ತಾರೆ. ಹಸುಗೂಸಿಗೆ ತಗುಲಿದರೆ ಆಗುವುದು ಇದಕ್ಕೆ ತದ್ವಿರುದ್ಧ. ಕೂಸಿನ ರಕ್ಷಕ ಕಣಗಳು ಇನ್ನೂ ಸ್ವಪರ ವಿವೇಚನೆ ಕಲಿಯುತ್ತಿರುತ್ತವೆ. ವೈರಾಣುವನ್ನು ಮನೆಯವನೆಂದೇ ಎಣಿಸಿ ಸುಮ್ಮನಿರುತ್ತವೆ. ಹೋರಾಟವಿಲ್ಲ, ಹಳದಿಯಿಲ್ಲ, ಜ್ವರವಿಲ್ಲ. ಮಗು ಮೈಕೈ ತುಂಬಿಕೊಂಡು ಬೆಳೆಯುತ್ತದೆ. ಇಂಥ ಮಕ್ಕಳಲ್ಲಿ ನೂರಕ್ಕೆ 90ರಷ್ಟು ಮಂದಿಯಲ್ಲಿ ವೈರಾಣು ಶಾಶ್ವತವಾಗಿ ನೆಲೆಸಿ, ಮೂವತ್ತು ನಲವತ್ತು ವರ್ಷದ ಬಳಿಕ ಕೆಲವರಿಗೆ ಯಕೃತ್ತು ಗಂಟುಗಟ್ಟಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕೆಲವರಿಗೆ ಕ್ಯಾನ್ಸರ್ ಆಗುತ್ತದೆ. ಬದುಕಿನಲ್ಲಿ ಒಮ್ಮೆಯೂ ಕಾಮಣಿಯಾಗದ ಮನುಷ್ಯ ಹೀಗೆ ಕಾಮಣಿಯ ವೈರಾಣುವಿನಿಂದಲೇ ಸಾಯುತ್ತಾನೆ. 2022ರ ಅಂದಾಜಿನಂತೆ ಭಾರತದಲ್ಲಿ ಬಿ ವೈರಾಣು ಹೊತ್ತವರು ಸುಮಾರು 2 ಕೋಟಿ 98 ಲಕ್ಷ.

ಈ ಸಂಗತಿ ನಮ್ಮ ಮನೆಗಳಲ್ಲಿ ಹೊರಬೀಳುವುದು ಬಹುಮಟ್ಟಿಗೆ ಒಂದೇ ಸಂದರ್ಭದಲ್ಲಿ. ಚೊಚ್ಚಲ ಬಸುರಿಯ ರಕ್ತವನ್ನು ಆಸ್ಪತ್ರೆಯಲ್ಲಿ ಪರೀಕ್ಷಿಸುತ್ತಾರೆ. ಬಿ ಇದೆಯೆಂದು ಚೀಟಿ ಬರುತ್ತದೆ. ಆ ಹೆಣ್ಣುಮಗಳ ನಡತೆಯನ್ನು ಕುರಿತು ಮಾತು ಹುಟ್ಟುತ್ತದೆ. ತಟ್ಟೆ ಲೋಟ ಬೇರೆಯಾಗುತ್ತವೆ. ತವರಿಗೆ ಹೋಗಿ ಇರೆಂದು ಹೇಳಿದವರುಂಟು. ಆದರೆ ಆಕೆ ಅದನ್ನು ಪಡೆದದ್ದು ತಾನು ಹುಟ್ಟಿದ ದಿನ, ತನ್ನ ತಾಯಿಯಿಂದ ಆಗಿರಬಹುದು. ಇಲ್ಲವೆ ಬಾಲ್ಯದಲ್ಲಿ, ಕುದಿಸದ ಸೂಜಿಯೊಂದರಿಂದ ಆಗಿರಬಹುದು. ತಟ್ಟೆಯಿಂದ, ಜೊತೆಯ ಊಟದಿಂದ, ಕೈ ಮುಟ್ಟುವುದರಿಂದ ಇದು ಹರಡುವುದಿಲ್ಲ. ಮಗುವಿಗೆ ಮೊಲೆಯೂಡಿಸಲು ಅಡ್ಡಿಯಿಲ್ಲ. ಮಾಡಬೇಕಾದದ್ದು ಇಷ್ಟು: ಗಂಡನಿಗೂ ಮನೆಯವರಿಗೂ ಪರೀಕ್ಷೆ, ಇಲ್ಲದವರಿಗೆಲ್ಲ ಲಸಿಕೆ, ತಾಯಿಯ ರಕ್ತದಲ್ಲಿ ವೈರಾಣು ವಿಪರೀತವಾಗಿದ್ದರೆ ಕೊನೆಯ ತಿಂಗಳುಗಳಲ್ಲಿ ಮಾತ್ರೆ, ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಮತ್ತು ಅದರೊಡನೆ ಸಿದ್ಧ ರಕ್ಷಕದ್ರವ್ಯದ ಒಂದು ಚುಚ್ಚುಮದ್ದು. ಈ 24 ಗಂಟೆಗಳಿಗೆ ಇರುವ ಬೆಲೆ ಮುಂದಿನ ಯಾವ ವರ್ಷಕ್ಕೂ ಇಲ್ಲ. ಮನೆಯಲ್ಲಿಯೇ ಹೆರಿಗೆಯಾದರೆ ಅವು ಯಾರಿಗೂ ತಿಳಿಯದೆ ಕಳೆದುಹೋಗುತ್ತವೆ.

ಆ ಲಸಿಕೆಯ ವಿಷಯದಲ್ಲಿ ಬೀದರಿನವರಿಗೆ ಸ್ವಲ್ಪ ನೆರೆಯ ಅಭಿಮಾನ ಸಲ್ಲುತ್ತದೆ. ಹೊರದೇಶದಿಂದ ಬರುತ್ತಿದ್ದ ಲಸಿಕೆ ದುಬಾರಿಯಾಗಿ ಬಡವರ ಕೈಗೆಟುಕದಿದ್ದಾಗ, ಹೈದರಾಬಾದಿನಲ್ಲಿ ವರಪ್ರಸಾದ ರೆಡ್ಡಿ ಅವರು ಕಟ್ಟಿದ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಅದನ್ನು ಇಲ್ಲಿಯೇ ತಯಾರಿಸಿ, ಆಮದಿನ ಬೆಲೆಯ ಸಣ್ಣದೊಂದು ಪಾಲಿಗೆ ಮಾರಿತು. ಸಂಸ್ಥೆಯ ಹೆಸರು ಅವರ ತಾಯಿಯದು. 2011ರ ಹೊತ್ತಿಗೆ ದೇಶದ ಎಲ್ಲ ಮಕ್ಕಳ ಲಸಿಕಾ ಕಾರ್ಯಕ್ರಮದಲ್ಲಿ ಅದಕ್ಕೆ ಸ್ಥಾನ ದೊರೆಯಿತು.

ಡಿ ವೈರಾಣುವಿನ ಮಾತು ಎರಡು ವಾಕ್ಯದ್ದು. ಇಟಲಿಯ ರಿಜೆಟ್ಟೊ 1977ರಲ್ಲಿ ಗುರುತಿಸಿದ ಇದು ಬಿ ವೈರಾಣುವಿನ ಹೊದಿಕೆಯನ್ನು ಎರವಲು ಪಡೆಯದೆ ಬದುಕಲಾರದ ಪರಾವಲಂಬಿ. ಬಿ ಜೊತೆ ಸೇರಿದಾಗ ರೋಗ ಉಗ್ರವಾಗುತ್ತದೆ. ಬಿ ಲಸಿಕೆ ಹಾಕಿಸಿಕೊಂಡವರಿಗೆ ಇದರ ಭಯವೂ ಇಲ್ಲ.

ಉಳಿದದ್ದು ಸಿ. 1989ರಲ್ಲಿ ಹೌಟನ್ ಮತ್ತು ಸಂಗಡಿಗರು ಇದನ್ನು ಪತ್ತೆಹಚ್ಚುವವರೆಗೆ, ರಕ್ತ ಪಡೆದವರಲ್ಲಿ ಕೆಲವರಿಗೆ ಕಾಮಾಲೆ ಏಕೆ ಬರುತ್ತದೆಂಬುದು ಒಗಟಾಗಿತ್ತು. ಇದು ದೊಡ್ಡವರನ್ನೂ ಸದ್ದಿಲ್ಲದೆ ಹಿಡಿಯುತ್ತದೆ. ಹಿಡಿದವರಲ್ಲಿ ಬಹುಮಂದಿಯನ್ನು ಬಿಡುವುದಿಲ್ಲ. ಹರಡುವ ದಾರಿ ಮುಖ್ಯವಾಗಿ ಸೂಜಿ ಮತ್ತು ರಕ್ತ. ಈಜಿಪ್ಟ್ ದೇಶದಲ್ಲಿ ಬಸವನಹುಳುವಿನ ಮೂಲಕ ಬರುವ ಕ್ರಿಮಿರೋಗವನ್ನು ನಿವಾರಿಸಲು 1980ರ ದಶಕದ ಆರಂಭದವರೆಗೂ ಸರ್ಕಾರ ಲಕ್ಷಾಂತರ ರೈತರಿಗೆ ರಕ್ತನಾಳಕ್ಕೆ ಚುಚ್ಚುಮದ್ದು ಕೊಡಿಸಿತು; ಸರಿಯಾಗಿ ಶುದ್ಧಗೊಳ್ಳದ ಗಾಜಿನ ಸಿರಿಂಜುಗಳು ತೋಳಿನಿಂದ ತೋಳಿಗೆ ಹೋದವು. ಒಂದು ರೋಗ ತಗ್ಗಿತು, ಇಡೀ ದೇಶ ಸಿ ವೈರಾಣುವಿನಲ್ಲಿ ಅದ್ದಿದಂತಾಯಿತು. ಸದುದ್ದೇಶದ ಸೂಜಿಗೂ ಅದೇ ಮೊನೆ. ನಮ್ಮಲ್ಲಿಯೂ 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ ಕಾರಣ ಬಿ ವೈರಾಣು ಹಬ್ಬಿ ಹತ್ತಾರು ಜನ ಸತ್ತರು. ನಮ್ಮ ಹಳ್ಳಿಗಳ ರೋಗಿಗೆ ಮಾತ್ರೆ ಕೊಟ್ಟರೆ ಸಮಾಧಾನವಿಲ್ಲ, ಸೂಜಿ ಮಾಡಿದರೇ ಡಾಕ್ಟರು. ಮೈಕೈ ನೋವಿಗೆ, ನೆಗಡಿಗೆ, ಸುಗ್ಗಿಯ ಆಯಾಸಕ್ಕೆ ಸೂಜಿ ಬೇಡುವ ಈ ಭಕ್ತಿ ಇಳಿದರೆ ಅರ್ಧ ಅಪಾಯ ಇಳಿದಂತೆ. ಬೇಕೇ ಆದಾಗ, ಹೊಸ ಸಿರಿಂಜಿನ ಚೀಲವನ್ನು ನನ್ನ ಕಣ್ಣೆದುರು ಹರಿಯಿರಿ ಎಂದು ಕೇಳುವುದು ಉದ್ಧಟತನವಲ್ಲ. ಕ್ಷೌರದ ಬ್ಲೇಡು, ಜಾತ್ರೆಯ ಹಚ್ಚೆಯ ಸೂಜಿ, ಇವುಗಳಿಗೂ ಈ ಮಾತು ಸಲ್ಲುತ್ತದೆ.

ಸಿ ವೈರಾಣುವಿಗೆ ಲಸಿಕೆಯಿಲ್ಲ. ಆದರೆ ದೀರ್ಘಕಾಲ ನೆಲೆಸುವ ಈ ಬಗೆಯ ವೈರಾಣುಗಳಲ್ಲಿ ಮಾತ್ರೆಯಿಂದ ಬೇರುಸಹಿತ ಕೀಳಬಹುದಾದದ್ದು ಇದೊಂದೇ. 2013ರಿಂದೀಚೆಗೆ ಬಂದ ಔಷಧಗಳನ್ನು ಸಾಮಾನ್ಯವಾಗಿ 12 ವಾರ ನುಂಗಿದರೆ ನೂರಕ್ಕೆ 95 ಜನರಲ್ಲಿ ವೈರಾಣು ಪೂರ್ತಿ ಹೊರಟುಹೋಗುತ್ತದೆ. ಬಿ ವೈರಾಣುವಿನ ಮಾತ್ರೆಗಳು ಅದನ್ನು ಅದುಮಿ ಹಿಡಿಯಬಲ್ಲವು, ಕೀಳಲಾರವು. 2018ರ ಜುಲೈ 28ರಂದು, ಬ್ಲೂಂಬರ್ಗ್ ಅವರ ಜನ್ಮದಿನವಾದ ವಿಶ್ವ ಹೆಪಟೈಟಿಸ್ ದಿನದಂದು, ಭಾರತ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಈ ಔಷಧಗಳೂ ಉಚಿತ. ದೇಶದಲ್ಲಿ ಸಿ ಇರುವವರು 2022ರ ಅಂದಾಜಿನಲ್ಲಿ ಸುಮಾರು 55 ಲಕ್ಷ. ಅವರಲ್ಲಿ ಹೆಚ್ಚಿನವರಿಗೆ ತಮ್ಮ ರಕ್ತದಲ್ಲಿ ಅದು ಇದೆಯೆಂಬುದೇ ಗೊತ್ತಿಲ್ಲ. ದಾನದ ರಕ್ತವನ್ನು ಸಿ ವೈರಾಣುವಿಗಾಗಿ ಪರೀಕ್ಷಿಸುವುದು ನಮ್ಮಲ್ಲಿ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೆ ಮುಂಚೆ ಹೆರಿಗೆಯಲ್ಲೋ ಶಸ್ತ್ರಕ್ರಿಯೆಯಲ್ಲೋ ಅಪಘಾತದಲ್ಲೋ ರಕ್ತ ಹಾಕಿಸಿಕೊಂಡವರು, ಗಾಜಿನ ಸಿರಿಂಜಿನ ಕಾಲದಲ್ಲಿ ಮೇಲಿಂದ ಮೇಲೆ ಸೂಜಿ ಮಾಡಿಸಿಕೊಂಡವರು, ಈಗ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಒಮ್ಮೆ ಜಿಲ್ಲಾ ಆಸ್ಪತ್ರೆಗೆ ಹೋಗಿ ಬಿ ಮತ್ತು ಸಿ ಎರಡರ ಪರೀಕ್ಷೆಯನ್ನೂ ಹೆಸರಿಟ್ಟು ಕೇಳಿ ಮಾಡಿಸಿಕೊಳ್ಳಬೇಕು. ಮೊದಲ ಪರೀಕ್ಷೆಗೆ ಬೆರಳ ತುದಿಯ ರಕ್ತ ಸಾಕು. ಫಲ ತಿಳಿಯಲು ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ.